ಅವಳ ಪ್ಯಾಕೇಜು, ನನ್ನ ಬಂಗಲೆಗಳು

ದೊಮ್ಮಲೂರಿನ ನಮ್ಮ ಆಫೀಸಿನಲ್ಲಿ ನನ್ನದೊಂದು ಫೈಲ್ ಇತ್ತು. ಪಾರ್ಸೆಲ್ ತಲುಪಿಸುವವರಿಗೆ ಸಾಫ್ಟ್‌ವೇರ್ ಮಾಡಿಕೊಡುವ ಸಣ್ಣ ಕಂಪನಿ ನಮ್ಮದು. ಗಿರಾಕಿಗಳು ಮನಸ್ಸಿಗೆ ಬಂದಂತೆ ಬರೆದ ವಿಳಾಸವನ್ನು ಬಿಡಿಸಿ, ಮನೆ ನಂಬರ್ ಯಾವುದು, ಕ್ರಾಸ್ ಯಾವುದು, ಮೇನ್ ಯಾವುದು ಎಂದು ಬೇರೆ ಬೇರೆ ಮಾಡಿಕೊಡುವುದು ಆ ಫೈಲಿನ ಕೆಲಸ. ಅದರ ಕೋಡ್ ಬರೆದವಳು ನಾನು, ವರ್ಷಗಟ್ಟಲೆ ತಿದ್ದಿದವಳೂ ನಾನೇ. ನೋಡಲು ಚೆಂದವಿರಲಿಲ್ಲ, ಒಳಗೆ ತೇಪೆಯ ಮೇಲೆ ತೇಪೆ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ, ಹಾಗೆ. ಯಾರಿಗೆ ವಿಳಾಸದ ತಕರಾರು ಬಂದರೂ ನನ್ನ ಮೇಜಿನ ಹತ್ತಿರ ಬಂದು ನಿಲ್ಲಬೇಕಿತ್ತು. ಅದು ನನಗೆ ಬಹಳ ಇಷ್ಟವಾಗಿತ್ತು.

ಆಮೇಲೆ ಅವಳು ಬಂದಳು. ರಾಯಚೂರಿನ ಕಡೆಯ ಹುಡುಗಿ. ಹಲಸೂರಿನಲ್ಲಿ ತನ್ನೂರಿನವರ ಜೊತೆ ರೂಮು ಮಾಡಿಕೊಂಡಿದ್ದಳು. ಕೆಲಸಕ್ಕೆ ಸೇರಿ ಇನ್ನೂ ಸರಿಯಾಗಿ ಕುರ್ಚಿ ಬಿಸಿಯಾಗಿರಲಿಲ್ಲ, ವಿಳಾಸ ಬಿಡಿಸುವ ಕೋಡನ್ನು ತಾನೂ ಬರೆದಳು. ಬರೆದು ನನ್ನ ಹಾಗೆ ಬಚ್ಚಿಟ್ಟುಕೊಂಡು ಕೂರಲಿಲ್ಲ. ಪ್ಯಾಕೇಜ್ ಮಾಡಿ ಲೋಕಕ್ಕೆಲ್ಲ ಪುಕ್ಕಟೆ ಬಿಟ್ಟುಕೊಟ್ಟಳು. ಪ್ಯಾಕೇಜ್ ಅಂದರೆ ಅಂಗಡಿಯಲ್ಲಿ ಸಿಗುವ ದೋಸೆ ಹಿಟ್ಟಿದ್ದಂತೆ. ಇನ್‌ಸ್ಟಾಲ್ ಎಂದು ಒಂದು ಸಾಲು ಟೈಪ್ ಮಾಡಿದರೆ ಸಾಕು, ಯಾರೋ ಬರೆದ ಕೋಡ್ ನಮ್ಮ ಕಂಪ್ಯೂಟರಿಗೆ ಇಳಿದು ನಮ್ಮದರಂತೆಯೇ ದುಡಿಯುತ್ತದೆ. ರುಬ್ಬುವ ರಗಳೆಯಿಲ್ಲ.

ಮ್ಯಾನೇಜರ್ ನನ್ನನ್ನು ಕರೆದರು. "ನೋಡಿ, ಒಂದೇ ಕೆಲಸಕ್ಕೆ ಎರಡು ಕೋಡ್ ಯಾಕೆ? ಅವಳ ಪ್ಯಾಕೇಜ್ ಟ್ರೈ ಮಾಡೋಣ. ಸರಿಹೋದ್ರೆ ನಿಮ್ಮ ಫೈಲ್ ತೆಗೆದ್ಬಿಡೋಣ."

"ಆಗ್ಲಿ ಸಾರ್," ಅಂದೆ. ನನಗಾದದ್ದು ಹೊಟ್ಟೆಕಿಚ್ಚು, ಅದಕ್ಕೆ ಬೇರೆ ಮರ್ಯಾದೆಯ ಹೆಸರು ಕೊಡುವುದಿಲ್ಲ. ಅವಳು ನಕ್ಕರೆ ನನಗಾಗುತ್ತಿರಲಿಲ್ಲ. ಮುಖ ಕಾಣದ ಯಾರ್ಯಾರೋ ಪ್ಯಾಕೇಜ್ ಇನ್‌ಸ್ಟಾಲ್ ಮಾಡಿಕೊಂಡು ಹೊಗಳಿ ಬರೆದದ್ದನ್ನು ಊಟದ ಹೊತ್ತಿಗೆ ಎಲ್ಲರಿಗೂ ಕೇಳುವಂತೆ ಓದುತ್ತಿದ್ದಳು. ನಾನು ಡಬ್ಬಿ ಮುಚ್ಚಿ ಎದ್ದುಹೋಗುತ್ತಿದ್ದೆ.

ತಪ್ಪು ಹುಡುಕಲೆಂದೇ ನಾನೂ ಅದನ್ನು ಇನ್‌ಸ್ಟಾಲ್ ಮಾಡಿದೆ. ಇಂದಿರಾನಗರದ ವಿಳಾಸ ಕೊಟ್ಟೆ, ನೀಟಾಗಿ ಬಿಡಿಸಿತು. ಕೆ.ಆರ್. ಪುರದ್ದು ಕೊಟ್ಟೆ, ಅದೂ ಸರಿ. ಕೊನೆಗೆ ಕುಕ್ ಟೌನಿನ ಹಳೇ ಬಂಗಲೆಯೊಂದರ ವಿಳಾಸ ಕೊಟ್ಟೆ. ಅದರಲ್ಲಿ ಕ್ರಾಸೂ ಇಲ್ಲ, ಮೇನೂ ಇಲ್ಲ. ಬಂಗಲೆಯ ಹೆಸರು, ರಸ್ತೆಯ ಹೆಸರು, ಅಷ್ಟೆ. ಪ್ಯಾಕೇಜು ಬಂಗಲೆಯ ಹೆಸರನ್ನು ಯಾರೋ ಮನುಷ್ಯರ ಹೆಸರೆಂದುಕೊಂಡು ವಿಳಾಸದಿಂದಲೇ ಎತ್ತಿ ಬಿಸಾಡಿತು. ಬೆನ್ಸನ್ ಟೌನಿನ ಗತಿಯೂ ಅದೇ. ನನಗೆ ಕುಣಿಯುವಷ್ಟು ಖುಷಿಯಾಯಿತು.

ಅವಳಿಗೆ ಹೇಗೆ ತಿಳಿಯಬೇಕು? ನಮ್ಮಮ್ಮ ಶಿವಾಜಿನಗರದ ಮನೆಯಲ್ಲಿ ಬಟ್ಟೆ ಹೊಲಿಯುತ್ತಿದ್ದಳು. ಹೊಲಿದದ್ದನ್ನು ಆ ಬಂಗಲೆಗಳಿಗೆ ಮುಟ್ಟಿಸಲು ಹೊರಟರೆ ಅಣ್ಣನೂ ನಾನೂ ಅವಳ ಹಿಂದೆ ನಡೆಯುತ್ತಿದ್ದೆವು. ಗೇಟಿನ ಕಂಬದ ಮೇಲಿದ್ದ ಹೆಸರು ಓದಿಕೊಂಡೇ ಒಳಗೆ ಹೋಗುವುದು. ನಂಬರನ್ನು ಯಾರೂ ಕೇಳುತ್ತಿರಲಿಲ್ಲ. ಅದಕ್ಕೇ ನನ್ನ ಫೈಲಿನಲ್ಲಿ ಬಂಗಲೆಗಳಿಗೆಂದೇ ಬೇರೆ ನಿಯಮವಿತ್ತು.

ಪ್ಯಾಕೇಜಿನಲ್ಲಿ ತಪ್ಪು ಕಂಡವರು ಬರೆಯಲು ಎಲ್ಲರಿಗೂ ಕಾಣುವ ಪುಟವೊಂದು ಇರುತ್ತದೆ. ಅವಳ ಮಾನ ಹೋಗಲಿ ಎಂದು ಅಲ್ಲಿ ಉದ್ದಕ್ಕೆ ಬರೆದೆ. ಸಾಲದೆಂದು, ನಾನಾದರೆ ಹೇಗೆ ಮಾಡುತ್ತಿದ್ದೆ ಎಂಬುದನ್ನೂ ಬಿಡಿಸಿ ಬಿಡಿಸಿ ಬರೆದೆ, ನನ್ನ ಹೆಚ್ಚುಗಾರಿಕೆ ಜಗತ್ತಿಗೆ ಗೊತ್ತಾಗಬೇಡವೇ. ಆದರೆ ನಮ್ಮ ಕಸುಬಿನ ರೀತಿಯೇ ಬೇರೆ. ಅಲ್ಲಿ ತಪ್ಪು ತೋರಿಸಿದರೆ ಅದು ಬೈಗುಳವಲ್ಲ, ಉಪಕಾರ. ಸಿಟ್ಟಿನಲ್ಲಿದ್ದ ನನಗೆ ಅದು ಹೊಳೆಯಲೇ ಇಲ್ಲ.

ಮರುದಿನ ಅವಳು ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತಳು. "ಅಕ್ಕಾ, ನೀವು ಬರ್ದದ್ದು ಖರೇ ಅದ ನೋಡ್ರಿ. ಬಂಗ್ಲಿ ಹೆಸರೇ ವಿಳಾಸ ಆಗ್ತದಂತ ನನಗ ಗೊತ್ತಿದ್ದಿಲ್ಲ. ನೀವು ಹೇಳಿದಂಗೇ ಹಾಕೀನಿ. ಹೊಸಾ ವರ್ಷನ್ ಬಿಟ್ಟೀನಿ, ಇನ್‌ಸ್ಟಾಲ್ ಮಾಡಿ ನೋಡ್ರಿ."

ಮಾಡಿ ನೋಡಿದೆ. ಕುಕ್ ಟೌನೂ ಸರಿ, ಬೆನ್ಸನ್ ಟೌನೂ ಸರಿ. ಪ್ಯಾಕೇಜಿನ ಪುಟದ ಕೆಳಗೆ ‘ತಪ್ಪು ತೋರಿಸಿದ ನಮ್ಮ ಆಫೀಸಿನ ಅಕ್ಕನಿಗೆ ಥ್ಯಾಂಕ್ಸ್’ ಎಂದು ಹಾಕಿದ್ದಳು. ಅವಳ ಮಟ್ಟಿಗೆ ಅದು ಪ್ರೀತಿಯೇ ಇರಬೇಕು, ನನ್ನ ಮಟ್ಟಿಗೆ ನನ್ನ ಹೆಸರಿಲ್ಲ, ಅಷ್ಟೆ. ಮ್ಯಾನೇಜರಿಗೆ ಇನ್ನೇನು ಬೇಕಿತ್ತು? ಆ ವಾರವೇ ನನ್ನ ಫೈಲನ್ನು ನನ್ನ ಕೈಯಿಂದಲೇ ಅಳಿಸಿದ್ದಾಯಿತು. ನಾನು ತೋಡಿದ ಗುಂಡಿಗೆ ನಾನೇ ಬಿದ್ದಿದ್ದೆ, ಯಾರನ್ನು ದೂರಲಿ?

ಭಾನುವಾರ ಅಣ್ಣ ಕೆ.ಆರ್. ಪುರದಿಂದ ಊಟಕ್ಕೆ ಬಂದ. ಅವನೂ ಅಲ್ಲಿ ಇಂಥದೇ ಕಂಪನಿಯೊಂದರಲ್ಲಿ ಕೋಡ್ ಬರೆಯುವವನು. ಎಲೆಯ ಮುಂದೆ ಕೂತವನೇ ಶುರುಮಾಡಿದ.

"ಒಂದು ಹೊಸ ಪ್ಯಾಕೇಜ್ ಇನ್‌ಸ್ಟಾಲ್ ಮಾಡ್ಕೊಂಡ್ವಿ ಕಣೇ, ವಿಳಾಸದ್ದು. ಕುಕ್ ಟೌನ್ ಬಂಗಲೆಗಳನ್ನೂ ಕರೆಕ್ಟಾಗಿ ಹಿಡಿಯತ್ತೆ. ಬರೆದೋರು ಯಾರೋ ನಮ್ ಥರಾನೇ ಆ ಗೇಟುಗಳ ಮುಂದೆ ಓಡಾಡಿರೋರು ಇರ್ಬೇಕು."

ನಾನು ಬಾಯಿ ತೆರೆದೆ. ಅದು ನಾನು ಹೇಳಿಕೊಟ್ಟದ್ದು ಎಂದರೆ, ಹಾಗಾದರೆ ಅದನ್ನು ನೀನೇ ಯಾಕೆ ಪ್ಯಾಕೇಜ್ ಮಾಡಿ ಬಿಡಲಿಲ್ಲ ಎಂದು ಕೇಳುತ್ತಾನೆ.

"ನಮ್ಮ ಆಫೀಸಿನ ಹುಡುಗಿ ಬರೆದಿರೋದು," ಅಂದೆ. "ರಾಯಚೂರಿನವಳು."

ಬಡಿಸುತ್ತಿದ್ದ ಅಮ್ಮ ಸೌಟು ಹಿಡಿದುಕೊಂಡೇ ನಿಂತಳು. "ಅಷ್ಟು ದೂರದಿಂದ ಬಂದು ನಮ್ಮ ಕಡೆ ಮನೆಗಳನ್ನ ಹೀಗೆ ತಿಳ್ಕೊಂಡಿದಾಳಾ? ಜಾಣೆ ಕಣೇ ಅವಳು. ರೂಮಲ್ಲಿ ಇದ್ಕೊಂಡು ಊಟಕ್ಕೆ ಏನ್ ಮಾಡ್ಕೋತಾಳೋ, ಪಾಪ."

ಸೋಮವಾರ ಬೆಳಿಗ್ಗೆ ಆಫೀಸಿಗೆ ಹೊರಟಾಗ ಅಮ್ಮ ಎರಡು ಡಬ್ಬಿ ಪುಳಿಯೋಗರೆ ಕಟ್ಟಿಕೊಟ್ಟಳು. ಒಂದು ನನಗೆ, ಒಂದು ಅವಳಿಗೆ. ಅವಳದ್ದು ದೊಡ್ಡದಿತ್ತು.