ಗೆಳೆಯ ಅಂದಾಗ ನೀನು ತಡೆದದ್ದು

ನಿನ್ನ ಓದು ನಿಲ್ಲಿಸಿದವಳು ನಾನು, ಭಾಗ್ಯಕ್ಕ. ಪಕ್ಕದ ಮನೆಯವರು ಚಾಡಿ ಹೇಳಿದರೆಂದು ನೀನು ಇಂದಿಗೂ ನಂಬಿದ್ದೀಯ — ಅವರಲ್ಲ. ನಾನೇ.

ಆಗ ನಾನು ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿ ಮನಶ್ಶಾಸ್ತ್ರ ಓದುತ್ತಿದ್ದೆ. ಪ್ರಾಕ್ಟಿಕಲ್‌ಗೆ ಯಾರಾದರೊಬ್ಬರಿಗೆ ಪದಪರೀಕ್ಷೆ ಮಾಡಬೇಕಿತ್ತು. ನಾನೊಂದು ಪದ ಹೇಳುವುದು, ಎದುರಿನವರು ಥಟ್ಟನೆ ಹೊಳೆದದ್ದನ್ನು ಹೇಳುವುದು. ಉತ್ತರ ತಡವಾದ ಕಡೆ ಮನಸ್ಸಿನಲ್ಲಿ ಏನೋ ಅಡಗಿರಬಹುದು ಎಂದಿದ್ದರು ಮೇಡಂ. ಇರಬಹುದು ಎಂದಷ್ಟೇ ಹೇಳಿದ್ದರು, ಪಾಪ.

ರಜೆಗೆ ಕೆಂಚಾರ್ಲಹಳ್ಳಿಗೆ, ನಿಮ್ಮ ಮನೆಗೆ ಬಂದೆ. ಆ ಮಧ್ಯಾಹ್ನ ಈಗಲೂ ಕನಸಿನಂತೆ ತೇಲಿ ಬರುತ್ತದೆ — ಒಳಕೋಣೆಯಲ್ಲಿ ರೇಷ್ಮೆ ಹುಳುಗಳು ಸೊಪ್ಪು ಮೇಯುವ ಸದ್ದು, ಸಣ್ಣ ಮಳೆ ಹಿಡಿದ ಹಾಗೆ. ನಿನ್ನ ಒದ್ದೆ ಕೂದಲು. ನನ್ನ ಮೊಬೈಲಿನಲ್ಲಿ ಓಡುತ್ತಿದ್ದ ಸೆಕೆಂಡುಗಳು...

“ಕನ್ನಡದಲ್ಲೇ ಹೇಳ್ಬೇಕು ಕಣಕ್ಕ” ಎಂದು ಅಪ್ಪಣೆ ಮಾಡಿದೆ.

“ಆಯ್ತು ಬಿಡಮ್ಮ, ದೊಡ್ಡ ಡಾಕ್ಟ್ರಮ್ಮ!” ಎಂದು ನಕ್ಕೆ ನೀನು. ಹಾಲು, ಮನೆ, ಬಸ್ಸು — ಎಲ್ಲಕ್ಕೂ ಪಟಪಟನೆ ಉತ್ತರ. ‘ಗೆಳೆಯ’ ಎಂದೆ ನಾನು. ನೀನು ತಡೆದೆ. ಕಿಟಕಿಯಾಚೆ ಎಲ್ಲೋ ನೋಡಿದೆ. ಎಷ್ಟೋ ಹೊತ್ತಿನ ಮೇಲೆ ‘ನೆರಳು’ ಎಂದೆ.

ನನಗೋ, ಇನ್ನೊಬ್ಬರ ಮನಸ್ಸನ್ನೇ ಓದಿಬಿಟ್ಟೆನೆಂಬ ಹಮ್ಮು! ಪರೀಕ್ಷೆಗೆ ಕೂತವರ ಮಾತನ್ನು ಯಾರಿಗೂ ಹೇಳಬಾರದೆಂದು ಮೊದಲ ದಿನವೇ ಕಲಿಸಿದ್ದರು. ಆದರೂ ಅಡುಗೆಮನೆಯಲ್ಲಿ ನಿನ್ನಮ್ಮ, ನನ್ನ ಅತ್ತೆ, ಏನು ತಿಳಿಯಿತೆಂದು ತಮಾಷೆಗೆ ಕೇಳಿದಾಗ, ಓದಿದವಳ ಗತ್ತಿನಲ್ಲಿ ಅಂದುಬಿಟ್ಟೆ: “ಅಕ್ಕನ ಮನಸ್ಸಲ್ಲಿ ಯಾರೋ ಇದಾರೆ, ಅತ್ತೆ.”

ಹಿಟ್ಟು ನಾದುತ್ತಿದ್ದ ಅತ್ತೆಯ ಕೈ ನಿಂತಿತು. ಮರುವಾರದಿಂದ ನಿನ್ನನ್ನು ಚಿಂತಾಮಣಿಯ ಕಾಲೇಜಿಗೆ ಕಳಿಸಲಿಲ್ಲ. ಯಾರೋ ಹೇಳಿದರು ಎಂದರೇ ಹೊರತು ನನ್ನ ಹೆಸರೆತ್ತಲಿಲ್ಲ ಅತ್ತೆ; ಪಕ್ಕದ ಮನೆಯವರೇ ಎಂದು ನೀನು ಅಂದುಕೊಂಡೆ. ವರ್ಷ ತಿರುಗುವುದರೊಳಗೆ ಮದುವೆ. ಟೀಚರ್ ಆಗಬೇಕೆಂದು ಆಸೆಪಟ್ಟವಳು ನೀನು. ನಿನ್ನ ಜಡೆಗೆ ಹೂ ಮುಡಿಸಿದವಳೂ ನಾನೇ — ಥೂ, ನನ್ನ ಕೈಗಳೇ...

ಮೊನ್ನೆ ಶಿಡ್ಲಘಟ್ಟದ ನಿನ್ನ ಮನೆಯಲ್ಲಿ ಆ ಪದಗಳ ಆಟದ ಮಾತು ಬಂತು. “ನಮ್ಮನೇಲಿ ಮಾತಾಡೋದೆಲ್ಲ ತೆಲುಗು, ನೀನು ನೋಡಿದ್ರೆ ಕನ್ನಡದಲ್ಲೇ ಹೇಳು ಅಂದೆ. ಬಾಯಿಗೆ ‘ನೀಡ’ ಅಂತ ಬಂತು. ಅದಕ್ಕೆ ಕನ್ನಡದಲ್ಲಿ ನೆರಳು ಅಂತಾರೆ ಅನ್ನೋದು ಆ ಕ್ಷಣಕ್ಕೆ ಹೊಳೀಲೇ ಇಲ್ಲ ಕಣೇ!” ಎಂದು ಹೊಟ್ಟೆ ಹಿಡಿದುಕೊಂಡು ನಕ್ಕೆ ನೀನು. ಆಮೇಲೆ ಮೆಲ್ಲಗೆ ಅಂದೆ: “ಯಾರೂ ಇರ್ಲಿಲ್ಲ ಕಣೇ. ಆ ಪಕ್ಕದ ಮನೆಯೋರು ಸುಮ್ನೆ ಬೆಂಕಿ ಹಚ್ಚಿಬಿಟ್ರು.”

ನಾನು ತಲೆಯಾಡಿಸಿ ಕಾಫಿ ಕುಡಿದೆ. ನಮ್ಮ ಮನೆಮಾತೂ ತೆಲುಗೇ, ಭಾಗ್ಯಕ್ಕ. ನನಗೆ ತಿಳಿಯಬೇಕಿತ್ತು.

ಇದನ್ನೆಲ್ಲ ಮನಸ್ಸಿನಲ್ಲೇ ನಿನಗೆ ಎಷ್ಟು ಸಲ ಹೇಳಿದ್ದೇನೋ. ಭಾನುವಾರ ಅತ್ತೆಯನ್ನೂ ಕರೆದುಕೊಂಡು ನಿನ್ನ ಮನೆಗೆ ಬರುತ್ತೇನೆ. ಅತ್ತೆಯ ಮುಂದೆಯೇ, ನಿನ್ನ ಮುಖ ನೋಡಿಕೊಂಡು ಹೇಳುತ್ತೇನೆ — ತೆಲುಗಿನಲ್ಲಿ.