ಹಳೇದು ಒಯ್ರಿ

ಮುಂಬೈಯ ವಿಕ್ರೋಳಿ ಸ್ಟೇಷನ್ ಹತ್ತಿರ ಮೆಕ್ಯಾನಿಕ್ ಒಬ್ಬರ ಸಣ್ಣ ಗ್ಯಾರೇಜ್. ವಿಜಯಪುರದ ಕಡೆಯವರು. ನನ್ನ ಬೈಕಿನ ಯಾವ ಪಾರ್ಟ್ ಬದಲಿಸಿದರೂ, ಬಿಚ್ಚಿದ್ದನ್ನು ಮರಾಠಿ ಪೇಪರಿನಲ್ಲಿ ಸುತ್ತಿ ಕೈಗಿಡುತ್ತಿದ್ದರು. "ಹಳೇದು ಒಯ್ರಿ, ಅದೂ ನಿಮ್ದ ಐತಿ."

ಹೊಸದನ್ನು ಕೂರಿಸುವ ಮೊದಲು ಅದರ ಅಂಚಿಗೆ ಮೊಳೆಯಿಂದ ಎರಡು ಗೀರು ಎಳೆಯುತ್ತಿದ್ದರು. ಯಾಕೆಂದು ಕೇಳಿದ್ದೆ. "ನಾ ಹಾಕಿದ್ದು ನನಗ ಗೊತ್ತಾಗಬೇಕಲ್ರಿ" ಅಂದಿದ್ದರು.

ಆಮೇಲೆ ಎದುರಿಗೆ ಎರಡು ಶೋರೂಮ್ ಬಂದವು. ಒಬ್ಬರು ಎಸಿಯಲ್ಲಿ ಕೂರಿಸಿ ಕಾಫಿ ಕೊಟ್ಟರೆ, ಇನ್ನೊಬ್ಬರು ಮೂರು ಸರ್ವಿಸಿಗೆ ಒಂದು ಫ್ರೀ ಅಂದರು. ನಾನೂ ಅತ್ತ ಹೋದೆ. ಗ್ಯಾರೇಜ್ ದಾಟುವಾಗ ಹೆಲ್ಮೆಟ್ಟಿನ ಗಾಜು ಇಳಿಸಿಕೊಳ್ಳುತ್ತಿದ್ದೆ. ಸದ್ದಿನಿಂದಲೇ ಗಾಡಿಯ ಗುರುತು ಹಿಡಿಯುವವರ ಮುಂದೆ ಅದರಿಂದೇನು ಪ್ರಯೋಜನ.

ಒಂದು ದಿನ ಬ್ರೇಕ್ ಹಿಡಿಯದೆ, ಬಸ್ಸಿಗೆ ಗುದ್ದುವುದು ಸ್ವಲ್ಪದರಲ್ಲಿ ತಪ್ಪಿತು. ಶೋರೂಮಿಗೆ ರಜೆ. ಬೈಕ್ ತಳ್ಳಿಕೊಂಡು ಅವರಲ್ಲಿಗೇ ಹೋದೆ.

"ಬ್ರೇಕ್ ಶೂ ಹೋದ ತಿಂಗಳಷ್ಟ ಹೊಸಾವು ಹಾಕ್ಸೀನ್ರಿ" ಎಂದು ಶೋರೂಮಿನ ಬಿಲ್ ಚಾಚಿದೆ.

ಅವರು ಬಿಲ್ ನೋಡಲಿಲ್ಲ. ಚಕ್ರ ಬಿಚ್ಚಿದರು. ಸವೆದು ತೆಳ್ಳಗಾದ ಬ್ರೇಕ್ ಶೂ ತೆಗೆದು, ಬಟ್ಟೆಯಿಂದ ಒರೆಸಿ, ಬೆಳಕಿಗೆ ಹಿಡಿದು ನೋಡಿದರು. ಹೊಸದು ಹಾಕಿ ಮುಗಿಸಿದ ಮೇಲೆ ಬಿಚ್ಚಿದ್ದನ್ನು ನನ್ನ ಕೈಗಿಟ್ಟರು. ಅಂದು ಪೇಪರ್ ಸುತ್ತಿರಲಿಲ್ಲ.

"ಹಳೇದು ಒಯ್ರಿ" ಅಂದರು, ಅಷ್ಟೇ.

ಅಂಚಿನಲ್ಲಿ ಎರಡು ಗೀರುಗಳಿದ್ದವು.