ಚಿತ್ರ ನೋಡುವವರನ್ನು ನೋಡಿದ ಚಾಚಾ

ಚಾಚಾ ಅವರ ಎಡಗಣ್ಣು ಬಲಗಣ್ಣಿನ ಅರ್ಧದಷ್ಟೇ ತೆರೆಯುತ್ತಿತ್ತು. ಜೀವಮಾನವಿಡೀ ಕ್ಯಾಮೆರಾದ ಹಿಂದೆ ಆ ಕಣ್ಣು ಮುಚ್ಚಿ ಮುಚ್ಚಿ ಅದಕ್ಕೆ ಅದೇ ರೂಢಿಯಾಗಿಬಿಟ್ಟಿತ್ತು. ಗುರುತಿಲ್ಲದವರಿಗೆ ಕಣ್ಣು ಹೊಡೆದಂತೆ ಕಾಣುತ್ತಿತ್ತು. ಗಂಗಾವತಿಯ ಮಾರ್ಕೆಟ್ಟಿಗೆ ಹೊಸದಾಗಿ ಬಂದ ಕಾಯಿಪಲ್ಲೆಯವಳೊಬ್ಬಳು, "ಈ ವಯಸ್ಸಿನ್ಯಾಗ ಇದೇನ ಹುಚ್ಚೋ ಮುದುಕಾ!" ಎಂದು ಬದನೆಕಾಯಿ ಎತ್ತಿ ಹೆದರಿಸಿದ್ದಳಂತೆ. ಅದನ್ನು ಅವರೇ ಎಲ್ಲರಿಗೂ ಹೇಳಿಕೊಂಡು, ನಕ್ಕು ನಕ್ಕು ಕೆಮ್ಮು ತರಿಸಿಕೊಳ್ಳುತ್ತಿದ್ದರು.

ಅವರದೊಂದು ಸಣ್ಣ ಸ್ಟುಡಿಯೋ. ಹೊಟ್ಟೆಪಾಡಿಗೆ ಪಾಸ್‌ಪೋರ್ಟ್ ಸೈಜಿನ ಫೋಟೋ, ಮದುವೆ ಆಲ್ಬಂ, ಎಲ್ಲ ಡಿಜಿಟಲ್. ಆದರೆ ಚಿತ್ರ ಬರೆಯುವ ನಾವೊಂದಿಷ್ಟು ಜನ ಬೇವಿನ ಮರಗಳ ನಡುವೆ ಹಗ್ಗ ಕಟ್ಟಿ ಚಿತ್ರಸಂತೆ ಮಾಡುವ ದಿನ ಮಾತ್ರ ಅವರು ಅಂಗಡಿಗೆ ಬೀಗ ಜಡಿದು, ಹಳೆಯ ರೀಲಿನ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಬರುತ್ತಿದ್ದರು. ಆ ಕ್ಯಾಮೆರಾದಲ್ಲಿ ಯಾವತ್ತೂ ಕಪ್ಪು-ಬಿಳುಪೇ. ನಮ್ಮ ಚಿತ್ರಗಳ ಒಂದು ಫೋಟೋವನ್ನೂ ಅವರು ತೆಗೆದವರಲ್ಲ. ಚಿತ್ರದ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು, ನೋಡಲು ಬಂದವರ ಕಡೆ ಕ್ಯಾಮೆರಾ ಹಿಡಿಯುತ್ತಿದ್ದರು.

ನಮ್ಮ ಕಡೆಯ ಜನ ಕ್ಯಾಮೆರಾ ಕಂಡರೆ ಸಾಕು, ಸೆರಗು ಸರಿಮಾಡಿಕೊಂಡು, ಎರಡೂ ಕೈ ತೊಡೆಗೆ ಅಂಟಿಸಿ ಸೆಟೆದು ನಿಲ್ಲುತ್ತಾರೆ. ಅದಕ್ಕೆ ಚಾಚಾ ಕಂಡುಕೊಂಡ ಮದ್ದು ಹುರಿದ ಶೇಂಗಾ. ಜುಬ್ಬಾದ ಜೇಬು ಉಬ್ಬುವಷ್ಟು ತುಂಬಿಕೊಂಡು ಬಂದು, ಬಂದವರ ಬೊಗಸೆಗೆಲ್ಲ ಸುರಿಯುತ್ತಿದ್ದರು. "ಕೈ ಖಾಲಿ ಇದ್ರ ಮಂದಿ ಕಂಬ ಆಗ್ತಾರವಾ. ಶೇಂಗಾ ಸುಲಿಯಾಕ ಹತ್ತಿದ್ರ ಮನಷ್ಯಾರ ಆಗ್ತಾರ," ಎನ್ನುತ್ತಿದ್ದರು. ಜನ ಸಿಪ್ಪೆ ಸುಲಿಯುತ್ತ, ಚಿತ್ರ ನೋಡುತ್ತ, ಕ್ಯಾಮೆರಾ ಇರುವುದನ್ನೇ ಮರೆಯುತ್ತಿದ್ದರು.

ಫೋಟೋ ತಯಾರಾದ ಮೇಲೆ ಅದರಲ್ಲಿದ್ದವರಿಗೇ ಪುಕ್ಕಟೆ ಕೊಡುವುದು ಅವರ ರೂಢಿ. ಒಮ್ಮೆ ಅಳವಂಡಿಯ ಗೌಡರೊಬ್ಬರು ಸಂತೆಯಲ್ಲಿಟ್ಟ ಕಿನ್ನಾಳದ ಬಣ್ಣದ ಮರದ ಗೊಂಬೆಗಳ ಮುಂದೆ ಬಾಯಿ ತೆರೆದು ನಿಂತಿದ್ದನ್ನು ತೆಗೆದು, ಕಟ್ಟು ಹಾಕಿಸಿ ಕಳಿಸಿದರು. ಮರುದಿನವೇ ಗೌಡರ ಹೆಂಡತಿ ಅದನ್ನು ಬಗಲಲ್ಲಿಟ್ಟುಕೊಂಡು ಸ್ಟುಡಿಯೋಗೆ ಬಂದರು. ನಾನೂ ಅಲ್ಲೇ ಇದ್ದೆ.

"ನಮ್ಮ ಯಜಮಾನ್ರು ಮುಂಜಾನೆ ರೊಟ್ಟಿ ತಿಂದು ಗಟ್ಟಿಮುಟ್ಟಾಗಿ ಹೊಲಕ್ಕ ಹೋಗ್ಯಾರ್ರಿ. ಇದನ್ನ ಗ್ವಾಡಿಗೆ ಹಾಕಿದ್ರ, ಬಂದವ್ರು ಯಾವಾಗ ತೀರಿಕೊಂಡ್ರು ಅಂತ ಕೇಳ್ತಾರ!"

ಕಪ್ಪು-ಬಿಳುಪೆಂದರೆ ಹಾರ ಹಾಕಿದವರ ಫೋಟೋ ಎಂದೇ ಆಕೆಯ ತಿಳಿವಳಿಕೆ. ಈ ವಿಷಯದಲ್ಲಿ ಯಾರ ಮಾತಿಗೂ ಜಗ್ಗದ ಚಾಚಾ ತಲೆ ಕೆರೆದುಕೊಂಡರು. ಕೊನೆಗೆ ನನ್ನ ಕುಂಚ ಇಸಿದುಕೊಂಡು ಗೌಡರ ರುಮಾಲಿಗೆ ಮಾತ್ರ ಕೆಂಪು ಹಚ್ಚಿದರು. "ತಗೋರಿ ಅಕ್ಕಾರ, ಜೀವ ಬಂತು." ಆಕೆ ಫೋಟೋವನ್ನು ದೂರ ಹಿಡಿದು ನೋಡಿ, "ಹಾಂ, ಈಗ ಉಣ್ಣಾಕ ಕರೀಬಹುದು ನೋಡ್ರಿ," ಎಂದರು. ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಇಂಥ ನಗುವಿನ ನಡುವೆಯೂ ನನ್ನದೊಂದು ಸಂಕಟವಿತ್ತು. ನನ್ನ ಚಿತ್ರದ ಮುಂದೆ ಯಾರಾದರೂ ನಿಂತರೆ ಮುಖ ನೋಡುವ ಧೈರ್ಯವಿಲ್ಲದೆ ಅವರ ಚಪ್ಪಲಿ ನೋಡುತ್ತ ಕೂರುತ್ತಿದ್ದೆ. ಚಪ್ಪಲಿಗಳು ಬರುತ್ತಿದ್ದವು, ನಿಲ್ಲುತ್ತಿದ್ದವು, ಒಂದು ಮಾತೂ ಇಲ್ಲದೆ ಹೋಗುತ್ತಿದ್ದವು. ಒಂದು ಸಂತೆಗೆ ಭತ್ತದ ನಾಟಿಯ ದೊಡ್ಡ ಚಿತ್ರ ತಂದಿದ್ದೆ. ಗದ್ದೆಯ ತುಂಬ ನೀರು, ನೀರಿನಲ್ಲಿ ಆಕಾಶ, ಸಸಿಯ ಹಸಿರು ಸಾಲು. ಹೆಂಗಸೊಬ್ಬಳು ಬಂದು ನಿಂತಳು. ಸ್ವಲ್ಪ ಹೊತ್ತಿಗೆ ಅವಳ ಸೀರೆಯ ಅಂಚು ಪಾದದಿಂದ ಮೇಲೆ ಸರಿಯಿತು. ಬೇಸರ ಬಂದು ಹೊರಡಲು ಅವಸರ ಮಾಡುತ್ತಿದ್ದಾಳೆ ಅಂದುಕೊಂಡೆ. ಅವಳೂ ಹೋದಳು.

"ಚಾಚಾ, ಇದ ಕಡೀದು. ಇನ್ನ ಮ್ಯಾಲ ನಾ ಚಿತ್ರ ಬರಿಯೂದಿಲ್ಲ," ಎಂದೆ.

ಅವರು ವಾದ ಮಾಡಲಿಲ್ಲ. "ರೀಲ್ ತೊಳಿಯೂತನಾ ತಡಿ," ಎಂದರಷ್ಟೆ.

ಸ್ಟುಡಿಯೋದ ಬಚ್ಚಲುಮನೆಯೇ ಅವರ ಡಾರ್ಕ್‌ರೂಮು. ಅಲ್ಲಿ ದಾರಕ್ಕೆ ಸಿಕ್ಕಿಸಿ ಒಣಗಲು ಬಿಟ್ಟ ಫೋಟೋಗಳಲ್ಲಿ ಆ ಹೆಂಗಸಿದ್ದಳು. ದವಡೆಯಲ್ಲಿ ಶೇಂಗಾ, ಕಣ್ಣು ನೆಟ್ಟಗೆ ನನ್ನ ಚಿತ್ರದ ಮೇಲೆ. ಕೈಗಳು ಮಾತ್ರ ತಮ್ಮಷ್ಟಕ್ಕೆ ತಾವೇ ಸೀರೆಯನ್ನು ಗೇಣು ಮೇಲಕ್ಕೆತ್ತಿ ಹಿಡಿದಿದ್ದವು. ಒಂದು ಕಾಲು ನೆಲ ಬಿಟ್ಟು ಮುಂದಕ್ಕೆ ಎದ್ದಿತ್ತು.

"ನಿನ್ನ ಗದ್ದ್ಯಾಗ ಇಳ್ಯಾಕ ಹತ್ಯಾಳ ನೋಡು. ಸೀರಿ ತೊಯ್ದೀತಂತ ಎತ್ತಿ ಹಿಡದಾಳ. ಇದಕ್ಕಿಂತ ಇನ್ನೇನ ಮಾತಾಡಬೇಕ ಬೇಟಾ? ಕಾಲ ನೋಡ್ಕೋತ ಕುಂದ್ರಬ್ಯಾಡ. ಮಂದಿ ಮಾರಿ ನೋಡು."

ನಾನು ಅತ್ತುಬಿಟ್ಟೆ. ಖುಷಿಗೆ ಅಷ್ಟೊಂದು ಅತ್ತದ್ದು ಅದೇ ಮೊದಲು. ಚಾಚಾಗೆ ಅಳುವವರನ್ನು ಸಂಭಾಳಿಸಲು ಬರುತ್ತಿರಲಿಲ್ಲ. ಜೇಬಿಗೆ ಕೈ ಹಾಕಿ ನನಗೂ ಶೇಂಗಾ ಕೊಟ್ಟರು.

ಹೋದ ವರ್ಷ ಅವರು ತೀರಿಕೊಂಡರು. ಊರಮಂದಿಯ ಫೋಟೋ ತೆಗೆದವರದೇ ಒಂದು ಛಲೋ ಫೋಟೋ ಯಾರ ಹತ್ತಿರವೂ ಇರಲಿಲ್ಲ. ಅವರ ಹೆಂಡತಿ ಚಾಚಿಯನ್ನು ಕೇಳಿ ನಾನೇ ಚಾಚಾರ ಚಿತ್ರ ಬರೆದೆ. "ಕಣ್ಣ ಮಾತ್ರ ಸರಿ ಮಾಡಬ್ಯಾಡವಾ, ಹಂಗ ಇರ್ಲಿ," ಎಂದಿದ್ದರು ಚಾಚಿ. ಈ ಸಲದ ಸಂತೆಯಲ್ಲಿ ಅದನ್ನೇ ಬೇವಿನ ಮರದ ಕೆಳಗೆ ತೂಗುಹಾಕಿ, ಪಕ್ಕದಲ್ಲಿ ಕೂತೆ. ಇವತ್ತಿಗೂ ನಾನು ಕುಂಚ ಹಿಡಿಯುತ್ತಿರುವುದು ಅವರ ಋಣದಲ್ಲೇ.

ಬಾಳೆನಾರಿನ ಬುಟ್ಟಿ ಹಿಡಿದ ಆನೆಗೊಂದಿಯ ಅಜ್ಜಿಯೊಬ್ಬಳು ಬಂದು ನಿಂತಳು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಚಾಚಾರನ್ನು ಒಂದು ಗಳಿಗೆ ದಿಟ್ಟಿಸಿದ ಅಜ್ಜಿ, ತನಗೇ ಗೊತ್ತಿಲ್ಲದೆ, ಮೆಲ್ಲಗೆ ಎಡಗಣ್ಣು ಮುಚ್ಚಿದಳು.

ನಾನು ಎದ್ದು ಹೋಗಿ ಅವಳ ಬೊಗಸೆ ತುಂಬ ಶೇಂಗಾ ಹಾಕಿದೆ.